ಮನೆಯ ಹೆಸರು ಕೊನೆಗಿರಲಿ

ಆ ಶುಕ್ರವಾರ ಮನೆಯಲ್ಲಿ ಮೀನು ಇರಲಿಲ್ಲ. ಫ್ರಿಜ್ಜಿನಲ್ಲಿದ್ದ ಕೋಳಿಯನ್ನು ಸಾರು ಮಾಡಿ, ತುಪ್ಪದ ಅನ್ನ ಮಾಡಿದ್ದೆ. ಜುಮಾ ನಮಾಝ್ ಮುಗಿಸಿ ಬಂದ ನನ್ನ ಗಂಡ ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಮಸ್ಕತ್ತಿನಂಥ ಕಡಲೂರಿನಲ್ಲಿ ಕೂತು ಕೋಳಿ ತಿನ್ನುವವರು ನಾವೇ ಇರಬೇಕು ಎಂದರು. ಹಾಗೆ ಹೇಳಿದವರು ಎರಡು ಸಲ ಬಡಿಸಿಕೊಂಡು ತಿಂದರು.

ಮಸ್ಕತ್ತಿನ ವಾದಿ ಕಬೀರಿನಲ್ಲಿದ್ದ ನಮ್ಮ ಫ್ಲ್ಯಾಟಿನ ಕೆಳಗೆ ಗ್ಯಾರೇಜುಗಳ ಸಾಲು. ವಾರವೆಲ್ಲ ತಗಡು ಬಡಿಯುವ ಸದ್ದು, ಹಾರ್ನು ಒತ್ತಿ ನೋಡುವ ಸದ್ದು. ಶುಕ್ರವಾರ ಮಧ್ಯಾಹ್ನ ಮಾತ್ರ ಶಟರುಗಳು ಇಳಿದಿರುತ್ತಿದ್ದವು. ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕಿರುಚದೆ ಕೇಳಿಸುತ್ತಿದ್ದದ್ದು ಆಗಲೇ. ನಮ್ಮಲ್ಲಿ ಕಥೆ ಹೇಳುವುದು ಶುಕ್ರವಾರಕ್ಕೆ ಬಿದ್ದದ್ದು ಅದೇ ಕಾರಣಕ್ಕೆ.

ಬಟ್ಟಲು ತೆಗೆದ ಮೇಲೆ ಮಗಳು ತನ್ನ ಫೋನನ್ನು ಮೇಜಿನ ನಡುವೆ ಇಟ್ಟು ರೆಕಾರ್ಡಿಂಗ್ ಹಾಕಿದಳು. ಅವಳು ಆಗ ಇಲ್ಲಿಯದೇ ಒಂದು ಯೂನಿವರ್ಸಿಟಿಯಲ್ಲಿ ಕ್ರಿಯೇಟಿವ್ ರೈಟಿಂಗ್ ಓದುತ್ತಿದ್ದಳು. ಕಥೆ, ಕವಿತೆ, ನಾಟಕ ಬರೆಯಲು ಕಲಿಸುವ ಓದು. ಕೊನೆಯ ವರ್ಷದಲ್ಲಿ ಒಂದು ದೊಡ್ಡ ಬರಹ ಮಾಡಿ ಕೊಡಬೇಕು. ಅವಳು ತನ್ನ ಅಪ್ಪನನ್ನೇ ಆರಿಸಿಕೊಂಡಿದ್ದಳು. ಮದುವೆಗೆ ಮೊದಲು, ಒಮಾನಿಗೆ ಬಂದ ಹೊಸದರಲ್ಲಿ, ಅವರು ಸೂರ್ ಎಂಬ ಬಂದರು ಊರಿನ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಆ ದಿನಗಳನ್ನು ವಾರಕ್ಕೊಂದು ತುಂಡಿನಂತೆ ಹೇಳಿಸಿ, ನಮ್ಮ ಬ್ಯಾರಿ ಮಾತಿನಲ್ಲಿ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು.

ಕೆಲವು ವಾರಗಳಿಂದ ನಡೆಯುತ್ತಿದ್ದದ್ದು ಒಬ್ಬ ಮುದುಕ ನಾವಿಕನ ಕಥೆ. ಸೂರಿನಲ್ಲಿ ಮರದ ಹಡಗು ಕಟ್ಟುವ ಜಾಗದ ಪಕ್ಕದಲ್ಲೇ ಆ ಅಂಗಡಿ ಇತ್ತಂತೆ. ಸಂಜೆ ಹೊತ್ತು ಮುದುಕ ಬಂದು ಬಿಸ್ಕತ್ತು ತೆಗೆದುಕೊಂಡು ಬಾಗಿಲ ಬಳಿ ಕೂರುತ್ತಿದ್ದ. ಅಂಗಡಿಯ ಹುಡುಗ ಮಂಗಳೂರಿನವನು ಎಂದು ತಿಳಿದ ದಿನ ಬಿಸ್ಕತ್ತು ಬದಿಗಿಟ್ಟು, ನಮ್ಮ ಮಾತಿನಲ್ಲೇ, ಗಂಜಿ ಕುಡಿದೆಯಾ ಎಂದು ಕೇಳಿದನಂತೆ. ಪ್ರಾಯದಲ್ಲಿ ಅವನು ಹಂಚು ಮತ್ತು ಮರ ತುಂಬಿಸಿಕೊಳ್ಳಲು ಮಂಗಳೂರಿಗೆ ಬರುವ ಹಡಗಿನಲ್ಲಿದ್ದ. ಒಂದು ವರ್ಷ ಮಳೆ ಶುರುವಾಗುವ ಹೊತ್ತಿಗೆ ಜ್ವರ ಬಂದು ಮಲಗಿದ. ಹಡಗು ಅವನನ್ನು ಬಿಟ್ಟು ಹೊರಟಿತು. ಬಂದರಿನ ಹಳೆಯ ಪೇಟೆಯಲ್ಲಿ ನಮ್ಮವರದೇ ಒಂದು ಮನೆಯವರು ಮಳೆಗಾಲ ಮುಗಿಯುವ ತನಕ ಅವನನ್ನು ಇಟ್ಟುಕೊಂಡು, ಗಂಜಿ ಕೊಟ್ಟು ಸಾಕಿದರು. ಮಳೆ ನಿಂತ ಮೇಲೆ ಬೇರೆ ಹಡಗಿನಲ್ಲಿ ಹೋದವನು ಮತ್ತೆ ಆ ಕಡೆಗೆ ಹೋಗಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಆ ಮನೆಗೆ ನನ್ನ ಸಲಾಂ ಹೇಳು, ಅವರು ಯಾರೂ ಉಳಿದಿಲ್ಲವಾದರೆ ಬಾಗಿಲು ತೆರೆದವರಿಗೆ ಹೇಳು, ಎಂದು ಅವನು ಕೇಳಿದ. ನನ್ನ ಗಂಡ ಆಗಲಿ ಎಂದರು.

ಅಂದು ಕಥೆಯಲ್ಲಿ ಅವರು ರಜೆಗೆ ಊರಿಗೆ ಹೋಗಿ, ಬಂದರಿನಲ್ಲಿ ಬಸ್ಸಿಳಿದು, ಅಂಗಡಿಗಳ ನಡುವಿನ ದಾರಿಯಲ್ಲಿ ನಡೆಯುತ್ತಿದ್ದರು.

"ಕೇಳಿ ಕೇಳಿ ಹೋದೆ. ಮನೆ ಸಿಕ್ಕಿತು. ಅದು ನಮ್ಮ..." ಎಂದು ಅವರು ಬಾಯಿ ತೆರೆಯುವಾಗ ಮಗಳು ಕೈ ಅಡ್ಡ ಹಿಡಿದಳು.

"ಈಗ ಬೇಡ ಉಪ್ಪಾ. ಮನೆಯ ಹೆಸರು ಕೊನೆಗಿರಲಿ."

"ಮನೆ ಯಾವುದೆಂದು ಹೇಳದೆ ಬಾಗಿಲು ಬಡಿಯುವುದು ಹೇಗೆ ಮೋಳೇ?"

"ಬಡೀರಿ. ಬಡಿದು ನಿಲ್ಲಿಸಿ."

ಅವರು ನಕ್ಕು, ಮೇಜಿನ ಮೇಲೆ ಬೆರಳ ಗಂಟಿನಿಂದ ಬಡಿದರು. ಇನ್ನು ಬರುವ ಶುಕ್ರವಾರ ಎಂದರು. ನಾನು ಅಡುಗೆಮನೆಯಿಂದ, ತೆರೆದದ್ದು ಹೆಂಗಸೋ ಗಂಡಸೋ ಅದನ್ನಾದರೂ ಹೇಳಿ ಎಂದೆ. "ನೀನು ಫೀಸು ಕಟ್ಟಿದ್ದೀಯಾ?" ಎಂದು ಕೇಳಿದರು. ಎಲ್ಲರೂ ನಕ್ಕೆವು. ಚಾ ಕುಡಿದೆವು. ಸಂಜೆ ಮೂವರೂ ಹೋಗಿ ಅವರಿಗೆ ಒಂದು ಜೊತೆ ಚಪ್ಪಲಿ ತಂದೆವು. ಹೆಬ್ಬೆರಳಿಗೆ ಸ್ವಲ್ಪ ಬಿಗಿ, ಹಾಕಿ ಹಾಕಿ ಸರಿಯಾಗುತ್ತದೆ ಎಂದರು.

ಮಂಗಳವಾರ ಮಧ್ಯಾಹ್ನದ ಬಿಡುವಿಗೆ ಅಂಗಡಿಯಿಂದ ಬಂದು ಊಟ ಮಾಡಿ ಮಲಗಿದರು. ಅಸರ್ ನಮಾಝಿಗೆ ಎಬ್ಬಿಸಲು ಹೋದೆ. ಅವರು ಏಳಲಿಲ್ಲ.

ಅವರು ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವರು. ಮಗಳು ಈ ಓದು ಓದುತ್ತೇನೆ ಎಂದು ಮೊದಲ ಸಲ ಹೇಳಿದಾಗ ನನಗೆ ಅದೇನೆಂದೇ ಅರ್ಥವಾಗಿರಲಿಲ್ಲ. ನಾನು ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತನಕ ಓದಿದವಳು. ಪ್ರಬಂಧ ಬರೆಯಲು ಶಾಲೆಯಲ್ಲೇ ಕಲಿಸುತ್ತಾರಲ್ಲ, ಅದಕ್ಕೆ ಯೂನಿವರ್ಸಿಟಿ ಯಾಕೆ ಎಂದು ಕೇಳಿದ್ದೆ. ಮಸ್ಕತ್ತಿನ ಪಕ್ಕದ ಸೀಬಿನಲ್ಲಿ ಬಟ್ಟೆ ಅಂಗಡಿ ಇರುವ ನನ್ನ ಗಂಡನ ಅಣ್ಣನಿಗಂತೂ ತಮಾಷೆಯಾಯಿತು. ಅವರು ಮನೆಗೆ ಬಂದಾಗಲೆಲ್ಲ ಅವಳನ್ನು "ಏನು ಕಥೆಗಾರ್ತಿ, ಇವತ್ತು ಎಷ್ಟು ಸುಳ್ಳು ಕಲಿತೆ?" ಎಂದು ಕೇಳುತ್ತಿದ್ದರು. ಅವಳೂ ಬಿಡುವವಳಲ್ಲ. "ಸೇಲ್ ಹಾಕುವಾಗ ನೀವು ಬೋರ್ಡಿನಲ್ಲಿ ಬರೆಸ್ತೀರಲ್ಲ ದೊಡ್ಡಪ್ಪ, ಅಷ್ಟು ಇನ್ನೂ ಬಂದಿಲ್ಲ" ಎನ್ನುತ್ತಿದ್ದಳು.

ಕೊನೆಗೆ ಒಪ್ಪಿಗೆ ಕೊಟ್ಟದ್ದು ನನ್ನ ಗಂಡನೇ. ತನ್ನ ಕೌಂಟರಿಗೆ ಬರುವವರೆಲ್ಲ ಕಥೆಗಾರರೇ, ಅವಳಾದರೂ ಕಲಿತು ಮಾಡಲಿ ಎಂದರು. ಗಾಡಿ ತಾನಾಗಿ ನಿಂತಿತು ಎಂದು ಹೇಳುವ ಗಿರಾಕಿಯ ಕಥೆಯಲ್ಲಿ ಯಾವಾಗಲೂ ಗಾಡಿಗೆ ಬಡಿದ ಒಂದು ಕಲ್ಲು ಇರುತ್ತದೆ, ಆ ಕಲ್ಲು ಯಾವಾಗ ಬರುತ್ತದೆ ಎಂದು ಕಾಯುತ್ತಾ ನಿಲ್ಲುತ್ತೇನೆ, ಎಂದು ಅವರು ಹೇಳುತ್ತಿದ್ದರು.

ಅವಳು ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಮನೆಗೆ ತರುತ್ತಿದ್ದಳು. ಅಲ್ಲಿ ಒಬ್ಬರು ಬರೆದದ್ದನ್ನು ಉಳಿದವರೆಲ್ಲ ಓದಿ ಮಾತಾಡುತ್ತಾರಂತೆ. ಅಷ್ಟು ಹೊತ್ತೂ ಬರೆದವರು ಬಾಯಿ ತೆರೆಯಬಾರದು. ಮನೆಯಲ್ಲೂ ಹಾಗೆಯೇ ಮಾಡೋಣ ಎಂದಳು. ತಾನು ಬರೆದದ್ದನ್ನು ನಮ್ಮ ಮಾತಿಗೆ ತಂದು ಓದಿ, ಆಮೇಲೆ ಕೈಕಟ್ಟಿ ಸುಮ್ಮನೆ ಕೂರುವಳು. ಅವಳ ಅಪ್ಪನಿಗೆ ಇದು ಬಹಳ ಹಿಡಿಸಿತು. "ಒಳ್ಳೆಯ ಯೂನಿವರ್ಸಿಟಿ ಮಾರಾಯ್ತಿ. ಇವಳ ಬಾಯಿ ಮುಚ್ಚಿಸಲಿಕ್ಕೆ ನಮ್ಮಿಂದ ಇಷ್ಟು ವರ್ಷ ಆಗಿರಲಿಲ್ಲ" ಎಂದು ನನಗೆ ಹೇಳಿ, ಬೇಕೆಂದೇ ಮಾತು ಉದ್ದ ಮಾಡುತ್ತಿದ್ದರು.

ಅವಳು ತಂದ ಇನ್ನೊಂದು ಪಾಠ, ಹಿಡಿದಿಟ್ಟು ಹೇಳುವುದು. ನಮ್ಮ ಕಡೆ ಯಾರ ಸುದ್ದಿ ಎತ್ತಿದರೂ ಮೊದಲು ಮನೆ ಹೇಳಬೇಕು. ಇಂಥ ಮನೆಯವನು, ಇಂಥವರ ಮಗ, ಇಂಥಲ್ಲಿಗೆ ಅಳಿಯನಾಗಿ ಹೋದವನು. ಇಷ್ಟಾದ ಮೇಲೆ ಅವನು ಬಸ್ಸಿನಿಂದ ಬಿದ್ದ ಸುದ್ದಿ. ಕೇಳುವವರೂ ಅಷ್ಟೇ. ಪೆಟ್ಟಾಯಿತಾ ಎನ್ನುವ ಮೊದಲು ಯಾವ ಮನೆಯವನು ಎಂದು ಕೇಳುತ್ತಾರೆ. ನನ್ನ ಗಂಡನೂ ಹಾಗೆಯೇ ಹೇಳುತ್ತಿದ್ದರು. ಒಬ್ಬ ಮನುಷ್ಯ ಅವರ ಕಥೆಯೊಳಗೆ ಕಾಲಿಡುವ ಮೊದಲು ಅವನ ಮನೆ, ಬಾವಿ, ಪಕ್ಕದ ಮಸೀದಿ ಎಲ್ಲ ಬಂದು ಕೂರುತ್ತಿದ್ದವು. ಮಗಳು ಅದನ್ನು ತಿದ್ದಿದಳು. ಎಲ್ಲವನ್ನೂ ಬಾಗಿಲಲ್ಲೇ ಕೊಟ್ಟರೆ ಓದುವವರು ಒಳಗೆ ಯಾಕೆ ಬರಬೇಕು, ಮುಖ್ಯವಾದದ್ದನ್ನು ಹಿಡಿದಿಡಬೇಕು ಎಂದಳು. ಅವರಿಗೆ ಮೊದಲು ಕಷ್ಟವಾಯಿತು. ಹೇಳುವಾಗ ಹೆಸರು ನಾಲಿಗೆಗೆ ಬಂದು ಕೆಮ್ಮಿ ನಿಲ್ಲಿಸುತ್ತಿದ್ದರು. ಬರುಬರುತ್ತಾ ರುಚಿ ಹತ್ತಿತು. ಅಂಗಡಿಯಲ್ಲೂ ಅರ್ಧ ಹೇಳಿ ನಿಲ್ಲಿಸುತ್ತಿದ್ದರಂತೆ. ಅವರ ಜೊತೆ ಕೌಂಟರಿನಲ್ಲಿದ್ದ ಮಲಯಾಳಿ, ಮಣ್ಣು ಮಾಡಿ ಬಂದ ದಿನ ಅದನ್ನು ನನ್ನ ಭಾವನಿಗೆ ಹೇಳಿ ಅತ್ತನಂತೆ.

ಮಣ್ಣು ಇಲ್ಲಿಯೇ ಆಯಿತು. ಊರಿಗೆ ಕಳಿಸುವ ಮಾತು ಬರಲಿಲ್ಲ. ನಾನು ಇದ್ದತ್ತಿಗೆ ಕೂತೆ. ಗಂಡ ತೀರಿದ ಹೆಂಗಸು ಮನೆಯೊಳಗೇ ಇರಬೇಕಾದ ಆ ತಿಂಗಳುಗಳಲ್ಲಿ ನೋಡಲು ಬರುವವರು ಬರುತ್ತಾರೆ, ಹೋಗುತ್ತಾರೆ. ಒಂದು ದಿನ ಮೇಲಿನ ಮಹಡಿಯ ಹೆಂಗಸು ರಜೆಗೆ ಊರಿಗೆ ಹೊರಟವಳು ಬಂದು, ನಿಮ್ಮ ತಂಗಿಗೆ ಏನಾದರೂ ಕೊಡಲಿಕ್ಕುಂಟಾ ಎಂದು ಕೇಳಿದಳು. ಕೊಡಲಿಕ್ಕೇನಿಲ್ಲ, ಸಲಾಂ ಹೇಳು ಎಂದೆ. ಹೇಳಿದ ಮಾತು ಬಾಯಿಂದ ಹೊರಗೆ ಬಂದ ಮೇಲೆ ನನಗೆ ಆ ಮುದುಕನ ಸಲಾಂ ನೆನಪಾಯಿತು.

ನಮ್ಮಲ್ಲಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುವ ಸಾಮಾನು ತೂಕ ಹೆಚ್ಚಾದರೆ ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟು ಹೋಗಬಹುದು. ಸಲಾಂ ಹಾಗಲ್ಲ. ಹೇಳುತ್ತೇನೆ ಎಂದು ಒಮ್ಮೆ ಒಪ್ಪಿಕೊಂಡರೆ ಅದು ಅಮಾನತ್ತು, ಇನ್ನೊಬ್ಬರದ್ದನ್ನು ನಂಬಿಕೆಯ ಮೇಲೆ ಕೈಯಲ್ಲಿಟ್ಟುಕೊಂಡ ಹಾಗೆ. ಮುಟ್ಟಿಸಲೇಬೇಕು. ಸತ್ತವನ ಮೇಲೆ ಉಳಿದ ಅಮಾನತ್ತನ್ನು ಅವನ ಮನೆಯವರು ತೀರಿಸಬೇಕು. ನನ್ನ ಗಂಡ ಆ ಮುದುಕನ ಸಲಾಮನ್ನು ಮುಟ್ಟಿಸಿದರೇ? ಬಾಗಿಲು ಬಡಿದದ್ದು ಗೊತ್ತು. ತೆರೆಯಿತೇ ಇಲ್ಲವೇ ಗೊತ್ತಿಲ್ಲ. ಮುಟ್ಟಿಸಿಲ್ಲವಾದರೆ ಈಗ ನಾನು ಮುಟ್ಟಿಸಬೇಕು. ಯಾವ ಮನೆಗೆ?

ಸಂಜೆ ಮಗಳು ಬಂದ ಮೇಲೆ ಕೇಳಿದೆ. ನಿನ್ನ ಫೋನಿನಲ್ಲಿ ಹಾಕಿ ನೋಡು, ಎಲ್ಲಾದರೂ ಒಂದು ಕಡೆ ಹೆಸರು ಬಾಯಿ ತಪ್ಪಿ ಬಂದಿರಬಹುದು ಎಂದೆ. ಅವಳು ಬುರ್ಖಾ ತೆಗೆಯದೆ ಹಾಗೆಯೇ ನಿಂತಿದ್ದಳು.

"ಎಲ್ಲ ಕೇಳಿದ್ದೇನೆ ಉಮ್ಮಾ. ಇಲ್ಲ. ಹೇಳ್ಲಿಕ್ಕೆ ಹೊರಟವರನ್ನು ನಾನೇ ನಿಲ್ಲಿಸಿದ್ದು."

ಅವಳು ಅದನ್ನು ಆಗಲೇ ಎಷ್ಟು ಸಲ ಕೇಳಿದ್ದಳೋ. ನಾನೂ ನಕ್ಕಿದ್ದೆನಲ್ಲ ಮೋಳೇ, ನಾನೂ ಬರುವ ಶುಕ್ರವಾರಕ್ಕೆ ಕಾದಿದ್ದೆನಲ್ಲ ಎಂದು ಹೇಳಿದೆ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಅಂದಿನಿಂದ ಅವಳು ಕ್ಲಾಸಿಗೆ ಹೋಗಿ ಬರುತ್ತಿದ್ದಳೇ ಹೊರತು ಅಲ್ಲಿಯ ಮಾತನ್ನು ಮನೆಗೆ ತರುವುದನ್ನು ನಿಲ್ಲಿಸಿದಳು.

ಅವಳ ಟೀಚರ್ ಒಮ್ಮೆ ಮನೆಗೆ ಬಂದರು. ಬಿಳಿಯ ಹೆಂಗಸು, ವಯಸ್ಸಾದವರು. ತಲೆಗೆ ಶಾಲು ಹಾಕಿಕೊಂಡು ನಮ್ಮ ಜೊತೆ ನೆಲದಲ್ಲೇ ಕೂತು ಖರ್ಜೂರ ತಿಂದರು. ಆಮೇಲೆ ಮಗಳಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವಳು ನನಗೆ ತಿರುಗಿಸಿ ಹೇಳಿದಳು. ಆ ಬಾಗಿಲನ್ನು ಈಗ ನೀನು ತೆರೆ, ನಿನಗೆ ಕಲಿಸಿದ್ದು ಅದನ್ನೇ, ನಿನ್ನ ತಂದೆ ಅದನ್ನು ನಿನಗೆ ಬಿಟ್ಟು ಹೋಗಿದ್ದಾರೆ, ಎಂದರಂತೆ. ಆ ಹೆಂಗಸಿನ ಮುಖದಲ್ಲಿ ಮರುಕವಿತ್ತು. ನನಗೆ ಅವರ ಮಾತು ಸರಿ ಎನಿಸಿತು. ಬರೆದುಬಿಡು, ಯಾರೋ ಬಂದು ಬಾಗಿಲು ತೆರೆದರು, ಸಲಾಂ ಮರಳಿ ಹೇಳಿದರು, ಒಳಗೆ ಕರೆದು ಚಾ ಕೊಟ್ಟರು ಎಂದು ಬರೆ, ನನ್ನ ಮನಸ್ಸಿಗೂ ಸಮಾಧಾನವಾಗುತ್ತದೆ ಎಂದೆ. ಟೀಚರ್ ಹೋದ ಮೇಲೆ ಅವಳು ಲೋಟ ತೊಳೆಯುತ್ತಾ ನನ್ನನ್ನು ಕೇಳಿದಳು.

"ಬರೆದರೆ ಮುಟ್ಟಿದ ಹಾಗೆ ಆಗ್ತದಾ?"

ನಾನು ತೊಳೆದ ಲೋಟಗಳನ್ನು ಕಪಾಟಿನಲ್ಲಿ ಜೋಡಿಸಿದೆ.

ಆದರೂ ಅವಳು ಬರೆದು ನೋಡಿದಳು. ಒಂದಲ್ಲ, ಬೇರೆ ಬೇರೆ ತರ. ಅದರಲ್ಲಿ ಒಂದನ್ನು ನನಗೆ ಓದಿ ಹೇಳಿದಳು. ಬಾಗಿಲು ತೆರೆಯುವುದು ಒಬ್ಬ ಮುದುಕಿ. ಮಳೆಗಾಲದಲ್ಲಿ ಅವನಿಗೆ ಗಂಜಿ ಬಡಿಸುತ್ತಿದ್ದ ಮನೆಯ ಹುಡುಗಿಯೇ ಅವಳು. ಸಲಾಂ ಕೇಳಿ ಅವಳು ಏನೂ ಹೇಳದೆ ಒಳಗೆ ಹೋಗಿ ಒಂದು ತಟ್ಟೆ ತಂದು ಒರೆಸಿ ಇಡುತ್ತಾಳೆ. ಕೇಳಿ ನನಗೆ ಅಳು ಬಂತು. ಚೆನ್ನಾಗಿದೆ, ಇದನ್ನೇ ಕೊಡು ಎಂದೆ.

"ಇಲ್ಲಿ ಮನೆಯ ಹೆಸರು ಬರಬೇಕು. ಯಾರ ಮನೆಯದ್ದು ಬರೀಲಿ?" ಎಂದಳು.

ನಾನು ನನಗೆ ಗೊತ್ತಿದ್ದ ಬಂದರಿನ ಮನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ನೆನೆದೆ. ಯಾವುದನ್ನು ಬರೆದರೂ ಅದು ಯಾರದೋ ಮನೆ. ಆ ಗಂಜಿ ಆ ಮನೆಯವರು ಕೊಟ್ಟದ್ದಲ್ಲ. ಕೊಟ್ಟವರು ಬೇರೆ ಎಲ್ಲೋ ಇದ್ದಾರೆ. ಇಲ್ಲದ ಹೆಸರೊಂದನ್ನು ಹುಟ್ಟಿಸಿ ಬರೆಯಬಹುದು, ಕ್ಲಾಸಿನಲ್ಲಿ ಎಲ್ಲರೂ ಹಾಗೆಯೇ ಮಾಡುವುದು ಎಂದು ಅವಳೇ ಹೇಳಿದಳು. ಬೇರೆ ಯಾರ ಅಪ್ಪನಿಗಾದರೂ ನಾನು ಮಾಡಿಕೊಡುತ್ತಿದ್ದೆ, ಉಪ್ಪನಿಗೆ ಆಗುವುದಿಲ್ಲ ಎಂದಳು. ಮುದುಕ ನಾವಿಕನ ಭಾಗವನ್ನೇ ಪೂರ್ತಿ ತೆಗೆದು, ಸ್ಪೇರ್ ಪಾರ್ಟ್ಸ್ ಕೌಂಟರಿನ ಬಗ್ಗೆ ಬೇರೆಯದನ್ನು ಬರೆದು ಕೊಟ್ಟಳು. ಪಾಸಾದಳು. ಮಾರ್ಕು ಸಾಧಾರಣ. ಹೊರದೇಶಕ್ಕೆ ಹೋಗಿ ಮುಂದೆ ಓದುವುದಾದರೆ ನಾನು ಶಿಫಾರಸು ಪತ್ರ ಬರೆದು ಕೊಡುತ್ತೇನೆ ಎಂದು ಟೀಚರ್ ಅಂದರೂ ಅವಳು ಹೋಗಲಿಲ್ಲ.

ನಾವು ಮನೆಯನ್ನು ಹುಡುಕದೆ ಕೂತವರಲ್ಲ. ಭಾವ ಊರಿನಲ್ಲಿ ತಮಗೆ ಗೊತ್ತಿದ್ದವರಿಗೆಲ್ಲ ಫೋನು ಮಾಡಿದರು. ಹಿಂದೆ ಒಂದು ಮಳೆಗಾಲ ಅರಬನೊಬ್ಬನನ್ನು ಇಟ್ಟುಕೊಂಡಿದ್ದ ಮನೆ ಯಾವುದು ಎಂದು ವಿಚಾರಿಸಿದರು. ಹಡಗಿನವರು ಉಳಿದುಕೊಳ್ಳದ ಮನೆ ಆಗ ಬಂದರಿನಲ್ಲಿ ಇತ್ತಾ, ಎಂದು ಒಬ್ಬರು ಹಳಬರು ತಿರುಗಿ ಕೇಳಿದರಂತೆ. ಆ ದಾರಿಯ ಅರ್ಧ ಮನೆಗಳು ಈಗ ಗೋಡೌನುಗಳಾಗಿವೆ. ಇನ್ನರ್ಧದಲ್ಲಿ ಇರುವವರು ಬೇರೆಯವರು.

ಒಮ್ಮೆ ಭಾವ ಇನ್ನೊಂದು ಮಾತು ಹೇಳಿದರು. ನಮ್ಮ ಮನೆಯಲ್ಲೇ ಕೂತು, ನನ್ನ ಮುಖ ನೋಡದೆ ಹೇಳಿದರು. ಮೊದಲ ರಜೆಗೆ ಬಂದಾಗ ತಮ್ಮನಿಗೆ ಕಾಮಾಲೆ ಆಗಿತ್ತು, ರಜೆ ಮುಗಿಯುವ ತನಕ ಮನೆ ಬಿಟ್ಟು ಹೊರಗೆ ಹೋದದ್ದು ತನಗೆ ನೆನಪಿಲ್ಲ, ಎಂದು. ಸ್ವಲ್ಪ ಹೊತ್ತಿನ ಮೇಲೆ, ಅದು ಎರಡನೇ ರಜೆ ಇರಬೇಕೋ ಏನೋ ಎಂದರು. ಆಮೇಲೆ ಅದೂ ಖಂಡಿತವಾಗಿ ಗೊತ್ತಿಲ್ಲ ಎಂದರು.

ಮಗಳು ಅದನ್ನು ಕೇಳಿಸಿಕೊಂಡಳು. ಅವರು ಹೋದ ಮೇಲೆ, ಹಾಗಾದರೆ ಉಪ್ಪ ಕಟ್ಟಿ ಹೇಳುತ್ತಿದ್ದಿರಬಹುದು ಎಂದಳು. ನನ್ನ ಪ್ರಾಜೆಕ್ಟಿಗೆ ಒಂದು ಒಳ್ಳೆಯ ಕಥೆ ಆಗಲಿ ಎಂದು, ವಾರ ವಾರ ಕಟ್ಟಿದ್ದಿರಬಹುದು, ಹೆಸರು ಹೇಳುವ ಹೊತ್ತಿಗೆ ನಾನು ತಡೆದದ್ದು ಅವರಿಗೂ ಅನುಕೂಲವಾಗಿರಬಹುದು. ಇಷ್ಟನ್ನು ಅವಳು ಮೆಲ್ಲಗೆ, ಸ್ವಲ್ಪ ಆಸೆಯಿಂದ ಹೇಳಿದಳು. ಹಾಗಿದ್ದರೆ ಮುಟ್ಟಿಸಬೇಕಾದ ಸಲಾಮೇ ಇಲ್ಲ. ಅವಳು ಯಾವುದನ್ನೂ ತಡೆದ ಹಾಗೆಯೂ ಆಗಲಿಲ್ಲ. ಹೌದು ಎಂದುಬಿಡಬಹುದಿತ್ತು. ಆದರೆ ಮೇಜಿನ ಮೇಲೆ ಬಡಿಯುವ ಮೊದಲು ಅವರ ಮುಖ ಹೇಗಿತ್ತು ಎಂದು ನಾನು ಅಡುಗೆಮನೆಯಿಂದ ನೋಡಿದ್ದೇನೆ. ಹೆಸರು ಬಾಯಲ್ಲಿತ್ತು. ನಾನು ಹೌದು ಎನ್ನಲಿಲ್ಲ. ಅಷ್ಟರಿಂದಲೇ ಅವಳಿಗೆ ಗೊತ್ತಾಯಿತು.

ನಮ್ಮ ವೀಸಾ ಅವರ ಕೆಲಸದ ಮೇಲೆ ಇತ್ತು. ಅಂಗಡಿಯ ಕಫೀಲ್, ಅಂದರೆ ವೀಸಾಕ್ಕೆ ಹೊಣೆಯಾದ ಒಮಾನಿ ಯಜಮಾನ, ಒಳ್ಳೆಯ ಮನುಷ್ಯ, ಸ್ವಲ್ಪ ಸಮಯ ಕೊಟ್ಟ. ಆದರೆ ಮಗಳಿಗೆ ಬೇಗ ಕೆಲಸ ಸಿಗದಿದ್ದರೆ ಇಬ್ಬರೂ ಹೊರಡಬೇಕಾಗಿತ್ತು. ಈ ಓದು ಓದಿದವರಿಗೆ ಯಾವ ಕೆಲಸ ಎಂದು ಭಾವ ಮೊದಲು ತಮಾಷೆಗೆ ಕೇಳುತ್ತಿದ್ದದ್ದನ್ನು ಈಗ ನಾನು ನಿಜವಾಗಿ ಕೇಳಿದೆ. ಅವಳ ಜೊತೆ ಓದಿದವರಲ್ಲಿ ಒಬ್ಬಳು ಒಮಾನಿ ಹುಡುಗಿ ಟಿವಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಾಳೆ. ಕೇರಳದ ಹುಡುಗನೊಬ್ಬ ದುಬೈಯಲ್ಲಿ ಫ್ಲ್ಯಾಟು ಮಾರುವವರ ಜಾಹೀರಾತು ಬರೆಯುತ್ತಾನೆ, ಕಡಲು ಕಾಣದ ಫ್ಲ್ಯಾಟಿಗೂ ಕಡಲಿನ ಗಾಳಿ ಬರೆಯಬೇಕು ಎಂದು ಫೋನಿನಲ್ಲಿ ನಗುತ್ತಿದ್ದ. ಇನ್ನೊಬ್ಬಳು ಶಾಲೆಯಲ್ಲಿ ಟೀಚರ್. ಒಬ್ಬಳು ಮಾತ್ರ ಎಲ್ಲವನ್ನೂ ಬಿಟ್ಟು ಕಾದಂಬರಿ ಬರೆಯುತ್ತಿದ್ದಾಳಂತೆ, ಅವಳ ಅಪ್ಪ ದೊಡ್ಡ ಮನುಷ್ಯ. ಬರೆಯಲು ಬರುವವರಿಗೆ ಕೆಲಸ ಇಲ್ಲ ಎನ್ನುವ ಹಾಗಿಲ್ಲ. ಬರೆಯಬೇಕೆಂದುಕೊಂಡದ್ದನ್ನು ಬರೆಯುವ ಕೆಲಸ ಸಿಕ್ಕುವುದು ಕಡಿಮೆ.

ಮಗಳಿಗೆ ಸೂರಿನಲ್ಲಿ ಸಿಕ್ಕಿತು. ಅಲ್ಲಿಯ ಗ್ಯಾಸ್ ಪ್ಲಾಂಟಿಗೆ ಕೆಲಸ ಮಾಡಿಕೊಡುವ ಒಂದು ಕಂಪನಿಯಲ್ಲಿ ಸುರಕ್ಷತೆಯ ಸೂಚನೆಗಳನ್ನು ಬರೆಯುವ ಕೆಲಸ. ಯಾವ ವಾಲ್ವ್ ಮೊದಲು ಮುಚ್ಚಬೇಕು, ಸೈರನ್ ಆದರೆ ಯಾವ ಗೇಟಿಗೆ ಓಡಬೇಕು, ಇಂಥವು. ಸಂಬಳ ಪರವಾಗಿಲ್ಲ. ನನ್ನನ್ನು ತನ್ನ ವೀಸಾಕ್ಕೆ ಹಾಕಿಸಿಕೊಂಡಳು. ನನ್ನ ಇದ್ದತ್ತು ಮುಗಿದ ಮೇಲೆ ವಾದಿ ಕಬೀರಿನ ಮನೆ ಖಾಲಿ ಮಾಡಿ ನಾವು ಸೂರಿಗೆ ಬಂದೆವು.

ಕೆಲಸ ಹೇಗೆ ಎಂದು ಮೊದಲ ವಾರ ಕೇಳಿದ್ದಕ್ಕೆ ಅವಳು ಹೇಳಿದಳು, "ಇಲ್ಲಿ ಮುಖ್ಯವಾದದ್ದನ್ನು ಮೊದಲ ಸಾಲಿನಲ್ಲೇ ಹೇಳಬೇಕು ಉಮ್ಮಾ. ಕೊನೆಗೆ ಇಟ್ಟರೆ ಜನ ಸಾಯ್ತಾರೆ."

ಅವಳು ಅದನ್ನು ನಗಿಸಲು ಹೇಳಿದ್ದಲ್ಲ.

ಹೊಸ ಮನೆಯಲ್ಲಿ ನೆಲೆಯಾದ ಮೇಲೆ, ಒಂದು ಸಂಜೆ ಇಬ್ಬರೂ ಹಡಗು ಕಟ್ಟುವ ಜಾಗಕ್ಕೆ ಹೋದೆವು. ಈಗ ಅಲ್ಲಿ ಕಟ್ಟುವುದು ಕಡಿಮೆ, ನೋಡಲು ಬರುವವರು ಹೆಚ್ಚು. ಮರದ ಪುಡಿಯ ವಾಸನೆ ಇತ್ತು. ಪಕ್ಕದಲ್ಲಿ ದಿನಸಿ ಅಂಗಡಿ ಇರಲಿಲ್ಲ, ಮೊಬೈಲ್ ಅಂಗಡಿ ಇತ್ತು. ಜಾಗದ ಯಜಮಾನ, ನನ್ನ ವಯಸ್ಸಿನವನು, ನಮ್ಮನ್ನು ಕೂರಿಸಿ ಅರಬಿ ಕಾಫಿ, ಕಾವಾ, ಕೊಟ್ಟ. ಮಗಳು ಅರಬಿಯಲ್ಲಿ ಎಲ್ಲವನ್ನೂ ಹೇಳಿದಳು. ಹೇಳುವಾಗ ಯಾವುದನ್ನೂ ಹಿಡಿದಿಡಲಿಲ್ಲ. ಅಪ್ಪ ತೀರಿದ್ದು, ಅಂಗಡಿ, ಮುದುಕ, ಜ್ವರ, ಸಲಾಂ, ಎಲ್ಲವನ್ನೂ ಸಾಲಾಗಿ ನಡೆದ ಹಾಗೆಯೇ ಹೇಳಿ ಮುಗಿಸಿದಳು.

ಅವನು ತಲೆ ತೂಗುತ್ತಾ ಕೇಳಿದ. "ಈ ಊರಿನ ಅಜ್ಜಂದಿರೆಲ್ಲ ಮಂಗಳೂರಿಗೆ ಹೋದವರೇ ಮಗಳೇ. ಎಲ್ಲರಿಗೂ ಅಲ್ಲಿ ಜ್ವರ ಬಂದಿದೆ. ನಿನಗೆ ಯಾವ ಅಜ್ಜ ಬೇಕು?" ಎಂದ.

ತಮಾಷೆಯಾಗಿಯೇ ಹೇಳಿದ. ಆದರೆ ಮಗಳ ಮುಖ ನೋಡಿ ಎದ್ದು ಹೋಗಿ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಅವರು ತಮ್ಮತಮ್ಮ ತಂದೆ, ಚಿಕ್ಕಪ್ಪಂದಿರ ಹೆಸರು ಹೇಳಿದರು. ಬಿಸ್ಕತ್ತು ತಿನ್ನುತ್ತಾ ಅಂಗಡಿ ಬಾಗಿಲಲ್ಲಿ ಕೂರುತ್ತಿದ್ದವನು ಯಾರೂ ಆಗಿರಬಹುದು. ಅಂಗಡಿಯನ್ನು ನಡೆಸುತ್ತಿದ್ದ ನಮ್ಮ ಊರಿನವರು ಯಾವಾಗಲೋ ಮಾರಿ ಹೋಗಿದ್ದರು. ಹೊರಡುವಾಗ ಅವರಲ್ಲಿ ಒಬ್ಬರು, ನಮ್ಮೆಲ್ಲರ ಪರವಾಗಿ ಆ ಊರಿನವರೆಲ್ಲರಿಗೂ ಸಲಾಂ ಎಂದರು. ಮಗಳು ಬಾಯಿ ತೆರೆಯುವುದರೊಳಗೆ ನಾನು ಅವಳ ಕೈ ಅದುಮಿದೆ. ಒಪ್ಪಿಕೊಳ್ಳಲು ನನಗೆ ಹೆದರಿಕೆಯಾಯಿತು.

ಈ ಅಮಾನತ್ತಿನ ಬಗ್ಗೆ ಮಸೀದಿಯ ಉಸ್ತಾದರನ್ನು ಭಾವನ ಮೂಲಕ ಕೇಳಿಸಿದೆ. ಗೊತ್ತಿಲ್ಲದ ವಿಷಯಕ್ಕೆ ನಿಮ್ಮನ್ನು ಹೊಣೆ ಮಾಡುವುದಿಲ್ಲ, ನಿಮ್ಮ ಗಂಡನಿಗಾಗಿಯೂ ಆ ಮನೆಯವರಿಗಾಗಿಯೂ ದುವಾ ಮಾಡಿ ಎಂದು ಅವರು ಹೇಳಿ ಕಳಿಸಿದರು. ದುವಾ ಮಾಡುತ್ತೇನೆ. ಅದರಲ್ಲಿ ನನ್ನ ಗಂಡನ ಹೆಸರು ಬರುತ್ತದೆ. ಮುದುಕನನ್ನು ಮುದುಕ ಎಂದೂ ಮನೆಯನ್ನು ಆ ಮನೆ ಎಂದೂ ಹೇಳಿ ಮುಂದೆ ಹೋಗುತ್ತೇನೆ.

ಮಗಳ ಮೇಲೆ ನನಗೆ ಸಿಟ್ಟಿಲ್ಲ, ಯಾವತ್ತೂ ಇರಲಿಲ್ಲ. ಅವಳು ಓದಿದ್ದನ್ನೂ ನಾನು ದೂರುವುದಿಲ್ಲ. ಆ ಓದು ಇಲ್ಲದಿದ್ದರೆ ಅವಳು ಅಪ್ಪನ ಎದುರು ವಾರ ವಾರ ಕೂರುತ್ತಿರಲಿಲ್ಲ. ಇವರು ಸೂರಿನ ದಿನಗಳನ್ನು ನನಗೇ ಹೇಳಿರಲಿಲ್ಲ. ಅಷ್ಟು ವರ್ಷ ಒಟ್ಟಿಗೆ ಬದುಕಿದ್ದೂ ಆ ಮುದುಕನ ಬಗ್ಗೆ ನಾನು ಕೇಳಿದ್ದು ಮಗಳ ಪ್ರಾಜೆಕ್ಟಿನಿಂದ. ಅದನ್ನು ಅವಳಿಗೆ ಹೇಳಿದ್ದೇನೆ. ಅವಳು ಹೂಂ ಎನ್ನುತ್ತಾಳೆ.

ಶುಕ್ರವಾರ ಅವಳಿಗೆ ರಜೆ. ಸೂರಿನ ಮೀನು ಒಳ್ಳೆಯದು, ನಾನು ತಪ್ಪದೆ ತರಿಸುತ್ತೇನೆ. ಊಟವಾದ ಮೇಲೆ ಅವಳು ಲ್ಯಾಪ್‌ಟಾಪ್ ತೆಗೆದು ವಾರದ ಬಾಕಿ ಕೆಲಸ ಮಾಡುತ್ತಾಳೆ. ಈಚೆಗೆ ಒಂದು ದಿನ, ಏನಾದರೂ ಬರೆದದ್ದಿದ್ದರೆ ಓದು, ನಾನು ಕೇಳುತ್ತೇನೆ ಎಂದೆ. ಕ್ರೇನಿನ ಕೆಳಗೆ ನಿಲ್ಲಬಾರದು ಎಂದು ಬರೆದದ್ದುಂಟು, ಅದನ್ನು ಓದಲಾ ಎಂದಳು. ಓದು ಎಂದೆ. ಪೂರ್ತಿ ಓದಿದಳು. ಚೆನ್ನಾಗಿತ್ತು, ನನಗೂ ಅರ್ಥವಾಯಿತು, ಹಾಗೆಂದು ಹೇಳಿದೆ. ಅವಳು ಸ್ವಲ್ಪ ನಕ್ಕಳು. ಆಮೇಲೆ ನಾನು, ನನ್ನ ತಾಯಿ ಹೇಳುತ್ತಿದ್ದ ಒಂದು ಹಳೆಯ ಸಂಗತಿಯನ್ನು ಹೇಳಲು ಶುರುಮಾಡಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿ ಕೊನೆಯ ತನಕ ಕೇಳಿದಳು. ಚೆನ್ನಾಗಿದೆ ಎಂದಳು. ಬರೆಯುತ್ತೀಯಾ ಎಂದು ಕೇಳಿದೆ. ನೀವೇ ಬರೆಯಿರಿ ಉಮ್ಮಾ, ಕನ್ನಡದಲ್ಲಿ ನಿಮಗೆ ಬರುತ್ತದಲ್ಲ ಎಂದಳು.

ಹಾಗೆ ನಾನು ಬರೆಯಲು ಕೂತೆ. ಬರೆಯಬೇಕೆಂದುಕೊಂಡದ್ದು ತಾಯಿ ಹೇಳಿದ್ದನ್ನು. ಬರೆದದ್ದು ಇದನ್ನು. ನಮ್ಮ ಕಡೆಯವರು ಓದಿದರೆ ಮೊದಲು ಕೇಳುವುದು ಯಾವ ಮನೆ ಎಂದು. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ್ದೇನೆ. ಮಗಳು ಕಥೆ ಬರೆಯುವುದನ್ನು ಮತ್ತೆ ಶುರುಮಾಡಿಲ್ಲ. ಆ ಸಲಾಂ ಮುಟ್ಟಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಮುಟ್ಟಿಸೋಣವೆಂದರೆ ಆ ಮನೆಯ ಹೆಸರು ನಮ್ಮಲ್ಲಿ ಇಲ್ಲ.